ಮಗು ಆಕಾಶಕ್ಕೆ, ಅಪ್ಪ ಅಮ್ಮ ನೆಲದ ಮೇಲೆ: ಬರೋಕ್ ರೇಖಾಚಿತ್ರ ನೋಡುವುದು ಹೇಗೆ

ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಡಚ್ ಕಲಾವಿದ ರೆಂಬ್ರಾಂಟ್ ಬರೆದ ಒಂದು ಸಣ್ಣ ಹಾಳೆ ಇದೆ. ಎತ್ತರ ಸುಮಾರು 18 ಸೆಂಟಿಮೀಟರ್, ಅಷ್ಟೇ. ಪೆನ್ನು, ಕಂದು ಶಾಯಿ, ಅಲ್ಲಲ್ಲಿ ಕುಂಚದಿಂದ ತೆಳುವಾಗಿ ಬಳಿದ ನೆರಳು. ದೊಡ್ಡದೊಂದು ಹದ್ದು ಒಂದು ಮಗುವನ್ನು ಕಚ್ಚಿಕೊಂಡು ಮೇಲಕ್ಕೆ ಹಾರುತ್ತಿದೆ. ಮಗು ಒದ್ದಾಡುತ್ತಿದೆ. ಕೆಳಗೆ ಇಬ್ಬರಿದ್ದಾರೆ. ಒಬ್ಬರು ಕೈ ಮೇಲೆತ್ತಿದ್ದಾರೆ. ಇನ್ನೊಬ್ಬರು ಕೊಳವೆಯಂಥದ್ದೇನನ್ನೋ ಕಣ್ಣಿಗೆ ಹಿಡಿದು ಆಕಾಶ ನೋಡುತ್ತಿದ್ದಾರೆ. ಅವರು ಮಗುವಿನ ಅಪ್ಪ ಅಮ್ಮ.

ಇದು ಗ್ರೀಕ್ ಪುರಾಣದ ಗ್ಯಾನಿಮೀಡ್ ಕಥೆ. ಇದೇ ಕಥೆಯ ದೊಡ್ಡ ತೈಲಚಿತ್ರವನ್ನು ರೆಂಬ್ರಾಂಟ್ 1635ರಲ್ಲಿ ಮುಗಿಸಿದ. ಅದೂ ಅದೇ ಊರಿನಲ್ಲಿದೆ, ಬೇರೊಂದು ಸಂಗ್ರಹಾಲಯದಲ್ಲಿ. ಅದರಲ್ಲಿ ಹದ್ದು ಇದೆ, ಮಗು ಇದೆ. ಅಪ್ಪ ಅಮ್ಮ ಇಲ್ಲ.

ಮಕ್ಕಳನ್ನು ಕಳೆದುಕೊಂಡ ಹೆತ್ತವರು ಗ್ರೀಕ್ ಪುರಾಣದ ತುಂಬ ಇದ್ದಾರೆ. 17ನೇ ಶತಮಾನದ ಯುರೋಪಿನ ಕಲಾವಿದರು, ಅಂದರೆ ಬರೋಕ್ ಕಾಲದವರು, ಈ ಕಥೆಗಳನ್ನು ಮತ್ತೆ ಮತ್ತೆ ಎತ್ತಿಕೊಂಡರು. ಆದರೆ ಮುಗಿಸಿ ಚೌಕಟ್ಟು ಹಾಕಿದ ಚಿತ್ರಕ್ಕಿಂತ, ಮೊದಲು ಗೀಚಿದ ಹಾಳೆಯಲ್ಲೇ ಹೆತ್ತವರು ಸಿಗುವ ಸಾಧ್ಯತೆ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ದೊಡ್ಡ ಚಿತ್ರಕ್ಕೆ ಕೊಳ್ಳುವವರಿರುತ್ತಾರೆ, ಅದು ತೂಗುವ ಗೋಡೆ ಇರುತ್ತದೆ, ಯಾರು ನಡುವೆ ಇರಬೇಕು ಎಂಬ ಲೆಕ್ಕ ಇರುತ್ತದೆ. ಹಾಳೆಯಲ್ಲಿ ಕಲಾವಿದ ಇನ್ನೂ ಯೋಚಿಸುತ್ತಿರುತ್ತಾನೆ.

ಇಂಥ ಹಾಳೆಯೊಂದನ್ನು ಮನೆಯಲ್ಲೇ ಕೂತು ನೋಡುವುದು ಹೇಗೆ ಎಂದು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಕಲಾ ಇತಿಹಾಸ ಓದಿರಬೇಕೆಂದೇನಿಲ್ಲ. ಫೋನಿಗಿಂತ ಸ್ವಲ್ಪ ದೊಡ್ಡ ಪರದೆ, ಒಂದು ಸ್ಕೇಲು, ಪೆನ್ಸಿಲ್, ನಾಲ್ಕು ಬಿಳಿ ಹಾಳೆ ಸಾಕು.

ಹಂತ 1: ಅಳತೆ ಗೊತ್ತು ಮಾಡಿಕೊಳ್ಳಿ

ಚಿತ್ರವನ್ನು ಗೂಗಲ್ ಇಮೇಜ್‌ನಿಂದ ಎತ್ತಿಕೊಳ್ಳಬೇಡಿ. ಸಂಗ್ರಹಾಲಯದ ಸ್ವಂತ ವೆಬ್‌ಸೈಟಿಗೇ ಹೋಗಿ. ಡ್ರೆಸ್ಡೆನ್‌ನ ಸಂಗ್ರಹಾಲಯಗಳು, ಲಂಡನ್‌ನ ಬ್ರಿಟಿಷ್ ಮ್ಯೂಸಿಯಂ, ಇಂಗ್ಲೆಂಡಿನ ರಾಜಮನೆತನದ ರಾಯಲ್ ಕಲೆಕ್ಷನ್, ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್, ಲಾಸ್ ಏಂಜಲೀಸ್‌ನ ಗೆಟ್ಟಿ, ಎಲ್ಲರೂ ತಮ್ಮ ರೇಖಾಚಿತ್ರಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿದ್ದಾರೆ. ಬೇರೆ ಕಡೆ ಸಿಗುವ ಪ್ರತಿಗಳಲ್ಲಿ ಅಂಚು ಕತ್ತರಿಸಿ ಹೋಗಿರುತ್ತದೆ. ನಮಗೆ ಬೇಕಾದವರು ಹೆಚ್ಚಾಗಿ ಅಂಚಿನಲ್ಲೇ ಇರುತ್ತಾರೆ.

ಚಿತ್ರದ ಕೆಳಗೆ ಅಳತೆ ಕೊಟ್ಟಿರುತ್ತಾರೆ. ಅದೇ ಅಳತೆಗೆ ಒಂದು ಬಿಳಿ ಕಾಗದ ಕತ್ತರಿಸಿ ಪರದೆಯ ಪಕ್ಕ ಇಡಿ. ಜೂಮ್ ಮಾಡಿದರೆ ಎಲ್ಲವೂ ಗೋಡೆಯಷ್ಟು ದೊಡ್ಡದಾಗಿ ಕಾಣುತ್ತದೆ, ಆಗ ಕಣ್ಣು ಮೋಸ ಹೋಗುತ್ತದೆ. 18 ಸೆಂಟಿಮೀಟರ್ ಹಾಳೆಯಲ್ಲಿ ಕೆಳಗಿನ ಮೂಲೆಯ ಅಮ್ಮ ಎಷ್ಟು ಚಿಕ್ಕವಳಿರಬಹುದು ಎಂದು ಸ್ಕೇಲು ಇಟ್ಟು ನೋಡಿ. ಕಲಾವಿದನ ಕೈ ಅಷ್ಟು ಸಣ್ಣ ಜಾಗದಲ್ಲಿ ಓಡಾಡಿದೆ. ಅಲ್ಲಿ ಕಣ್ಣು ಮೂಗು ಬಿಡಿಸುವ ಪ್ರಶ್ನೆಯೇ ಇಲ್ಲ. ಹಾಗಾದರೆ ಸಂಕಟವನ್ನು ಯಾವುದರಿಂದ ತೋರಿಸಿದ? ಈ ಪ್ರಶ್ನೆ ತಲೆಯಲ್ಲಿರಲಿ.

ಈಗ ಹತ್ತು ನಿಮಿಷ ಏನೂ ಓದದೆ ನೋಡಿ. ಶೀರ್ಷಿಕೆ, ವಿವರಣೆ ಏನೂ ಬೇಡ. ಕಂಡದ್ದನ್ನು ಕನ್ನಡದಲ್ಲೇ ನಾಲ್ಕು ಸಾಲು ಬರೆದಿಡಿ. "ಮಗು ಅಳುತ್ತಿದೆ", "ಹಕ್ಕಿಯ ರೆಕ್ಕೆ ಹಾಳೆಯಿಂದ ಆಚೆ ಹೋಗುವ ಹಾಗಿದೆ", ಇಂಥ ಸಾದಾ ಮಾತು ಸಾಕು.

ಹಂತ 2: ಕಥೆ ಪೂರ್ತಿ ಓದಿ, ಹೆತ್ತವರು ಆಗ ಎಲ್ಲಿದ್ದರು ಕೇಳಿ

ಇದು ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಹಂತ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಸುಮ್ನೆ.

ಬರೋಕ್ ಕಲಾವಿದರ ಕೈಯಲ್ಲಿದ್ದ ಮುಖ್ಯ ಪುಸ್ತಕ ರೋಮನ್ ಕವಿ ಓವಿಡ್‌ನ 'ಮೆಟಮಾರ್ಫೋಸಿಸ್'. ಗ್ರೀಕ್ ಪುರಾಣ ಅವರಿಗೆ ತಲುಪಿದ್ದು ಹೆಚ್ಚಾಗಿ ಲ್ಯಾಟಿನ್ ಮೂಲಕ. ವಿಕಿಪೀಡಿಯಾದ ಎರಡು ಸಾಲಿನ ಸಾರಾಂಶ ಓದಿದರೆ ಹೆತ್ತವರು ಮಾಯವಾಗಿರುತ್ತಾರೆ. "ಫೇಥಾನ್ ಸೂರ್ಯನ ರಥ ಓಡಿಸಲು ಹೋಗಿ ಸತ್ತ", ಮುಗಿಯಿತು. ಓವಿಡ್‌ನ ಎರಡನೇ ಭಾಗ ತೆರೆದರೆ ಬೇರೆಯೇ ಲೋಕ. ಸಿಡಿಲು ಬಡಿದು ಮಗ ಸತ್ತ ಮೇಲೆ ಸೂರ್ಯ ಮುಖ ಮುಚ್ಚಿಕೊಳ್ಳುತ್ತಾನೆ. ಒಂದಿಡೀ ದಿನ ಸೂರ್ಯನೇ ಹುಟ್ಟಲಿಲ್ಲ, ಹೊತ್ತಿ ಉರಿಯುತ್ತಿದ್ದ ಭೂಮಿಯ ಬೆಂಕಿಯೇ ಬೆಳಕು ಕೊಟ್ಟಿತು ಎನ್ನುತ್ತಾನೆ ಕವಿ. ತಾಯಿ ಕ್ಲೈಮೆನೆ ಮಗನ ಮೂಳೆ ಹುಡುಕುತ್ತ ಲೋಕವೆಲ್ಲ ಅಲೆಯುತ್ತಾಳೆ. ಕೊನೆಗೆ ಪರನಾಡಿನ ನದಿಯ ದಡದಲ್ಲಿ ಅವನ ಸಮಾಧಿ ಸಿಗುತ್ತದೆ. ಅಲ್ಲಿ ಅತ್ತು ಅತ್ತು ಅವಳ ಹೆಣ್ಣುಮಕ್ಕಳು ಮರಗಳಾಗತೊಡಗುತ್ತಾರೆ. ಕಾಲು ಬೇರಾಗುತ್ತದೆ, ತೊಗಟೆ ಮೈಮೇಲೆ ಏರುತ್ತದೆ. ತಾಯಿ ಆ ತೊಗಟೆಯನ್ನು ಕಿತ್ತು ಮಕ್ಕಳನ್ನು ಹೊರಗೆಳೆಯಲು ನೋಡುತ್ತಾಳೆ. ಕಿತ್ತಲ್ಲಿ ರಕ್ತ ಒಸರುತ್ತದೆ. "ಬೇಡಮ್ಮ, ನೀನು ಹರಿಯುತ್ತಿರುವುದು ನನ್ನ ಮೈಯನ್ನೇ" ಎಂದು ಮಗಳು ಕೂಗುತ್ತಾಳೆ. ಒಬ್ಬನನ್ನು ಕಳೆದುಕೊಂಡು ಬಂದ ತಾಯಿ, ಉಳಿದವರನ್ನು ಉಳಿಸಿಕೊಳ್ಳಲು ಹೋಗಿ ಅವರಿಗೇ ನೋವು ಮಾಡುತ್ತಾಳೆ. ಫೇಥಾನ್‌ನ ಯಾವುದೇ ಚಿತ್ರ ನೋಡುವಾಗ ಇದು ಗೊತ್ತಿದ್ದರೆ, ಕೆಳಗೆ ನದಿಯ ಬಳಿ ಮರವಾಗುತ್ತಿರುವ ಹೆಂಗಸರು ಬರೀ ಅಲಂಕಾರ ಅನ್ನಿಸುವುದಿಲ್ಲ.

ಕಥೆ ಓದಿದ ಮೇಲೆ ಒಂದೇ ಪ್ರಶ್ನೆ: ಕಲಾವಿದ ಆರಿಸಿಕೊಂಡ ಈ ಗಳಿಗೆಯಲ್ಲಿ ಅಪ್ಪ ಅಥವಾ ಅಮ್ಮನಿಗೆ ವಿಷಯ ಗೊತ್ತಾಗಿದೆಯಾ? ಕೆಲವರು ಕಣ್ಣೆದುರೇ ನೋಡುತ್ತಿರುತ್ತಾರೆ. ಕೆಲವರಿಗೆ ಇನ್ನೂ ಸುದ್ದಿ ಮುಟ್ಟಿರುವುದಿಲ್ಲ. ಪ್ರೊಸರ್ಪಿನಾಳನ್ನು ಪಾತಾಳದ ದೊರೆ ಹೊತ್ತೊಯ್ಯುವಾಗ ತಾಯಿ ಸೀರಿಸ್ ಅಲ್ಲಿರಲಿಲ್ಲ. ಆಮೇಲೆ ಎಟ್ನಾ ಜ್ವಾಲಾಮುಖಿಯಲ್ಲಿ ಎರಡು ಪಂಜು ಹೊತ್ತಿಸಿಕೊಂಡು ರಾತ್ರಿ ಹಗಲು ಹುಡುಕಿದಳು. ಇನ್ನು ಕೆಲವರು ತಾವೇ ಕಾರಣರು. ಮಗ ಇಕಾರಸ್‌ಗೆ ಹಾರಲು ರೆಕ್ಕೆ ಕಟ್ಟಿಕೊಟ್ಟ ಡೇಡಲಸ್, ತನಗೆ ಹದಿನಾಲ್ಕು ಮಕ್ಕಳು, ದೇವತೆ ಲಟೋನಾಗೆ ಎರಡೇ ಎಂದು ಜಂಬ ಕೊಚ್ಚಿ ಎಲ್ಲ ಮಕ್ಕಳನ್ನೂ ಕಳೆದುಕೊಂಡ ನಿಯೋಬಿ. ನೋಡಿದವರು, ಇನ್ನೂ ತಿಳಿಯದವರು, ಕಾರಣರಾದವರು. ಈ ಮೂರರಲ್ಲಿ ನಿಮ್ಮ ಹಾಳೆಯವರು ಯಾರು ಎಂದು ಬರೆದುಕೊಳ್ಳಿ.

ರೆಂಬ್ರಾಂಟ್‌ನ ಹಾಳೆಗೆ ಬನ್ನಿ. ಹದ್ದಿನ ಬಾಯಲ್ಲಿರುವವನು ಟ್ರಾಯ್‌ನ ರಾಜಕುಮಾರ ಗ್ಯಾನಿಮೀಡ್. ಹದ್ದು ಅಂದರೆ ದೇವತೆಗಳ ದೊರೆ ಝ್ಯೂಸ್. ಓವಿಡ್ ಈ ಕಥೆಯನ್ನು ಕೆಲವೇ ಸಾಲಲ್ಲಿ ಮುಗಿಸುತ್ತಾನೆ, ಅಪ್ಪ ಅಮ್ಮನ ಸುದ್ದಿಯೇ ಇಲ್ಲ. ವರ್ಜಿಲ್‌ನ ಮಹಾಕಾವ್ಯದಲ್ಲಿ ಒಂದು ನಿಲುವಂಗಿಯ ಮೇಲೆ ಈ ಕಥೆಯ ಕಸೂತಿ ಇದೆ. ಅಲ್ಲಿ ಮುದುಕರಾದ ಕಾವಲುಗಾರರು ಆಕಾಶಕ್ಕೆ ಕೈ ಚಾಚುತ್ತಾರೆ, ನಾಯಿಗಳು ಗಾಳಿಗೆ ಬೊಗಳುತ್ತವೆ. ಅಪ್ಪನ ದುಃಖ ಸಿಗುವುದು ಇನ್ನೂ ಹಳೆಯ ಗ್ರೀಕ್ ಪಠ್ಯದಲ್ಲಿ, ಹೋಮರನ ಹೆಸರಿನಲ್ಲಿರುವ ಆಫ್ರೊಡೈಟಿ ಸ್ತೋತ್ರದಲ್ಲಿ. ಅದರಲ್ಲಿ ಹದ್ದಿಲ್ಲ, ಸುಂಟರಗಾಳಿ ಇದೆ. ಗಾಳಿ ಮಗನನ್ನು ಎಲ್ಲಿಗೆ ಒಯ್ದಿತೆಂದು ತಿಳಿಯದೆ ದೊರೆ ಟ್ರೋಸ್ ಬಿಡದೆ ಅಳುತ್ತಾನೆ. ಝ್ಯೂಸ್‌ಗೆ ಕನಿಕರ ಬಂದು ದೇವತೆಗಳನ್ನು ಹೊರುವ ಕುದುರೆಗಳನ್ನು ಪರಿಹಾರವಾಗಿ ಕೊಡುತ್ತಾನೆ. ನಿನ್ನ ಮಗ ಇನ್ನು ಸಾಯುವುದಿಲ್ಲ, ಮುದುಕನಾಗುವುದಿಲ್ಲ ಎಂದು ಹೇಳಿ ಕಳಿಸುತ್ತಾನೆ. ಟ್ರೋಸ್ ಅಳು ನಿಲ್ಲಿಸಿ ಖುಷಿಯಿಂದ ಕುದುರೆ ಏರಿದ ಎನ್ನುತ್ತದೆ ಸ್ತೋತ್ರ. ಮಗನಿಗೆ ಬದಲು ಕುದುರೆ! ಅದನ್ನು ಬರೆದವನಿಗೂ ಪೂರ್ತಿ ನಂಬಿಕೆ ಇತ್ತೋ ಇಲ್ಲವೋ.

ಇಲ್ಲೊಂದು ಮಾತು. ನಮ್ಮ ಓದುಗರಿಗೆ ನಿಯೋಬಿ ಅಂದ ತಕ್ಷಣ ಗಾಂಧಾರಿ ನೆನಪಾಗುತ್ತಾಳೆ. ಆಗಲಿ, ತಪ್ಪೇನಿಲ್ಲ. ಆದರೆ ಹೋಲಿಕೆಯನ್ನು ಈ ಹಂತದಲ್ಲಿ ಬದಿಗಿಡಿ. ಗಾಂಧಾರಿ ಕುರುಕ್ಷೇತ್ರದಲ್ಲಿ ಮಾತಾಡುತ್ತಾಳೆ, ಕೃಷ್ಣನಿಗೇ ಶಾಪ ಕೊಡುತ್ತಾಳೆ. ನಿಯೋಬಿಯ ನಾಲಿಗೆ ಬಾಯೊಳಗೇ ಗಟ್ಟಿಯಾಗುತ್ತದೆ, ಅವಳು ಕಲ್ಲಾಗುತ್ತಾಳೆ. ಒಬ್ಬಳ ಸಂಕಟ ಮಾತಿನಲ್ಲಿದೆ, ಇನ್ನೊಬ್ಬಳದು ಮಾತು ನಿಂತುಹೋದದ್ದರಲ್ಲಿ. ಚಿತ್ರಕಾರನಿಗೆ ಎರಡನೆಯದು ಸಿಕ್ಕಿತು.

ಹಂತ 3: ಹಾಳೆಯ ತಳ, ಅಂಚು, ಮೂಲೆ

ಈಗ ಮುಖ್ಯ ಪಾತ್ರವನ್ನು ಅಂಗೈಯಿಂದ ಮುಚ್ಚಿ. ಗ್ಯಾನಿಮೀಡ್ ಹಾಳೆಯಾದರೆ ಹದ್ದನ್ನೂ ಮಗುವನ್ನೂ ಮುಚ್ಚಿ. ಉಳಿದದ್ದನ್ನು ನೋಡಿ. ಕೆಳಗಿನ ಇಬ್ಬರು ಮೊದಲ ಸಲ ಸರಿಯಾಗಿ ಕಣ್ಣಿಗೆ ಬೀಳುವುದು ಆಗಲೇ.

ಕೈ ಮೇಲೆತ್ತಿರುವ ತಾಯಿಯ ಭಂಗಿ ಹಳೆಯದು, ವರ್ಜಿಲ್‌ನ ಕಾವಲುಗಾರರಂತೆಯೇ. ಅಪ್ಪನದು ಹಾಗಲ್ಲ. ಅವನ ಕೈಯಲ್ಲಿರುವ ಕೊಳವೆಯನ್ನು ದುರ್ಬೀನು ಎಂದು ವಿದ್ವಾಂಸರು ಗುರುತಿಸುತ್ತಾರೆ. ಟ್ರಾಯ್‌ನ ದೊರೆಯ ಕೈಗೆ ದುರ್ಬೀನು ಎಲ್ಲಿಂದ ಬಂತು? ಅದು ರೆಂಬ್ರಾಂಟ್‌ನ ಸ್ವಂತ ದೇಶದ, ಸ್ವಂತ ಕಾಲದ ಸಾಮಾನು. 1608ರಲ್ಲಿ ಹಾನ್ಸ್ ಲಿಪರ್ಶೇ ಎಂಬ ಕನ್ನಡಕ ಮಾಡುವವನು ಹೇಗ್ ನಗರದಲ್ಲಿ ಅದಕ್ಕೆ ಪೇಟೆಂಟ್ ಕೇಳಿದ್ದ. ಎರಡು ವರ್ಷದಲ್ಲಿ ಗೆಲಿಲಿಯೋ ಅದರಿಂದ ಗುರುಗ್ರಹದ ಉಪಗ್ರಹಗಳನ್ನು ಕಂಡ. ಅಂದರೆ ಈ ಹಾಳೆ ಬರೆಯುವ ಹೊತ್ತಿಗೆ ದುರ್ಬೀನು ಹುಟ್ಟಿ ಮೂವತ್ತು ವರ್ಷವೂ ಆಗಿರಲಿಲ್ಲ.

ಗ್ಯಾನಿಮೀಡ್ ಆಕಾಶಕ್ಕೆ ಹೋಗಿ ಕುಂಭ ರಾಶಿಯಾದ ಎಂಬ ಕಥೆಯೂ ಇರುವುದರಿಂದ ದುರ್ಬೀನಿನಲ್ಲಿ ಒಂದು ತಮಾಷೆ ಇರಬಹುದು. ನನಗೆ ತಮಾಷೆಗಿಂತ ಹೆಚ್ಚಾಗಿ ಕಾಣುವುದು ಅಪ್ಪನ ಪಾಡು. ತಾಯಿ ಕೈ ಚಾಚುತ್ತಾಳೆ, ಅಪ್ಪ ಉಪಕರಣ ಎತ್ತಿಕೊಳ್ಳುತ್ತಾನೆ. ಮಗು ಎಷ್ಟು ದೂರ ಹೋದರೂ ಅವನಿಗೆ ಕಾಣುತ್ತಲೇ ಇರುತ್ತದೆ. ಕೈಗೆ ಮಾತ್ರ ಸಿಗುವುದಿಲ್ಲ.

ಎಲ್ಲ ಹಾಳೆಯಲ್ಲೂ ಹೆತ್ತವರು ಮೂಲೆಯಲ್ಲಿರುವುದಿಲ್ಲ. ನಿಕೊಲಾ ಪೂಸಾನ್ ಎಂಬ ಫ್ರೆಂಚ್ ಕಲಾವಿದ ಇನ್ನೂ ಹೆಸರು ಮಾಡದಿದ್ದ ದಿನಗಳಲ್ಲಿ, ಸುಮಾರು 1623ರಲ್ಲಿ, ಪ್ಯಾರಿಸ್‌ನಲ್ಲಿದ್ದ ಇಟಾಲಿಯನ್ ಕವಿ ಮರೀನೋಗಾಗಿ ಒಂದು ಸರಣಿ ಬರೆದುಕೊಟ್ಟ. ಹೆಚ್ಚಿನವು ಓವಿಡ್‌ನ ಕಥೆಗಳೇ. ಅವು ಈಗ ವಿಂಡ್ಸರ್‌ನಲ್ಲಿವೆ, ರಾಯಲ್ ಕಲೆಕ್ಷನ್‌ನ ಭಾಗ. ಅವುಗಳಲ್ಲೊಂದು ಕಿಯೋನೆಯ ಸಾವು. ಅಷ್ಟೇನೂ ಪ್ರಸಿದ್ಧವಲ್ಲದ ಕಥೆ. ಬೇಟೆಯ ದೇವತೆ ಡಯಾನಾಗಿಂತ ತಾನೇ ಚೆಲುವೆ ಎಂದು ಕಿಯೋನೆ ಆಡಿಕೊಂಡಳು. ಡಯಾನಾ ಬಾಣ ಬಿಟ್ಟಳು, ಆ ಮಾತಾಡಿದ ನಾಲಿಗೆಗೇ. ಕಿಯೋನೆಯ ಅಪ್ಪ ಡೀಡೇಲಿಯನ್ ಮಗಳ ಚಿತೆಗೆ ನಾಲ್ಕು ಸಲ ಹಾರಲು ನೋಡಿದ. ನಾಲ್ಕು ಸಲವೂ ಹಿಂದಕ್ಕೆಳೆದರು. ಕಣಜ ಕಚ್ಚಿದ ಎತ್ತಿನಂತೆ ದಾರಿಯಿಲ್ಲದ ಕಡೆ ಓಡಿ ಪರ್ನಾಸಸ್ ಬೆಟ್ಟದ ತುದಿಯಿಂದ ಹಾರಿಬಿಟ್ಟ. ಅಪೊಲೊ ಅವನನ್ನು ಗಿಡುಗ ಮಾಡಿದ. ಆ ಗಿಡುಗ ಎಲ್ಲ ಹಕ್ಕಿಗಳ ಮೇಲೂ ಎರಗುತ್ತದೆ. ತನಗಾದ ನೋವಿಗೆ ಎಲ್ಲರಿಗೂ ನೋವು ಕೊಡುತ್ತದೆ.

ಪೂಸಾನ್ ಹಾರುವುದನ್ನಾಗಲಿ ಗಿಡುಗವನ್ನಾಗಲಿ ಆರಿಸಿಕೊಳ್ಳಲಿಲ್ಲ. ಮಗಳು ಈಗಷ್ಟೇ ಸತ್ತು ಬಿದ್ದಿರುವ ಗಳಿಗೆ ಆರಿಸಿಕೊಂಡ. ನಮ್ಮ ಪಟ್ಟಿಯಲ್ಲಿ ಈ ಅಪ್ಪ 'ನೋಡಿದವನು'. ಇದೇ ವಿಷಯದ ಅವನ ತೈಲಚಿತ್ರವೂ ಇದೆ. ಫ್ರಾನ್ಸಿನ ಲಿಯಾನ್ ನಗರದ ಸಂಗ್ರಹಾಲಯ ಅದನ್ನು 2016ರಲ್ಲಿ ಕೊಂಡಿತು. ಎರಡನ್ನೂ ಅಕ್ಕಪಕ್ಕ ತೆರೆದಿಟ್ಟು ಅಪ್ಪನನ್ನು ಮಾತ್ರ ನೋಡಿ.

ಹಂತ 4: ಮೊದಲು ಕೈ, ಆಮೇಲೆ ಮುಖ

ನಾವು ಫೋಟೊ ನೋಡಿ ರೂಢಿಯಾದವರು. ಮೊದಲು ಮುಖಕ್ಕೇ ಕಣ್ಣು ಹೋಗುತ್ತದೆ. ಈ ಹಾಳೆಗಳಲ್ಲಿ ಕೈಯಿಂದ ಶುರು ಮಾಡಿ. ಆ ಕಾಲದಲ್ಲಿ ಕೈಸನ್ನೆಯನ್ನು ಒಂದು ಭಾಷೆಯಂತೆಯೇ ಕಂಡವರಿದ್ದರು. ಲಂಡನ್‌ನಲ್ಲಿ 1644ರಲ್ಲಿ ಜಾನ್ ಬುಲ್ವರ್ ಎಂಬ ವೈದ್ಯ ಕೈಸನ್ನೆಗಳ ಮೇಲೇ ಒಂದು ಪುಸ್ತಕ ಪ್ರಕಟಿಸಿದ. ಅದರಲ್ಲಿ ಅಳುವಿಗೆ ಇರುವ ಸನ್ನೆ, ಎರಡೂ ಕೈಯನ್ನು ಒಂದಕ್ಕೊಂದು ಹೆಣೆದು ಹಿಸುಕಿಕೊಳ್ಳುವುದು. ಪ್ಯಾರಿಸ್‌ನಲ್ಲಿ ಚಿತ್ರಕಾರ ಶಾರ್ಲ್ ಲ ಬ್ರನ್ 1668ರಲ್ಲಿ ಮುಖಭಾವಗಳ ಬಗ್ಗೆ ಉಪನ್ಯಾಸ ಕೊಟ್ಟ. ಒಂದೊಂದು ಭಾವಕ್ಕೂ ಒಂದೊಂದು ತಲೆ ಬರೆದು ತೋರಿಸಿದ. ದುಃಖದಲ್ಲಿ ಹುಬ್ಬಿನ ಒಳತುದಿ, ಹಣೆಯ ನಡುವಿನ ಕಡೆ, ಮೇಲೇರುತ್ತದೆ ಎಂದ. ಕನ್ನಡಿ ಮುಂದೆ ಮಾಡಿ ನೋಡಿ, ಸರಿಯಾಗಿಯೇ ಹೇಳಿದ್ದಾನೆ.

ಕನ್ನಡಿ ಅಂದದ್ದು ಸುಮ್ನೆ ಅಲ್ಲ. ಹಾಳೆಯಲ್ಲಿರುವ ಭಂಗಿಯನ್ನು ಬಾಗಿಲು ಹಾಕಿಕೊಂಡು ನೀವೇ ಒಮ್ಮೆ ಹಿಡಿಯಿರಿ. ಗ್ಯಾನಿಮೀಡ್‌ನ ತಾಯಿಯಂತೆ ಕೈ ಎತ್ತಿ ಒಂದು ನಿಮಿಷ ನಿಲ್ಲಿ. ಭುಜ ನೋಯತೊಡಗುತ್ತದೆ, ಕತ್ತು ಹಿಂದಕ್ಕೆ ವಾಲುತ್ತದೆ, ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಕಲಾವಿದ ಬಾಯಿ ಬರೆಯದಿದ್ದರೂ ಅದು ತೆರೆದಿದೆ ಎಂದು ನಮಗೆ ಯಾಕೆ ಅನ್ನಿಸಿತು ಎಂದು ಆಗ ತಿಳಿಯುತ್ತದೆ.

ಮುಖವನ್ನು ತೋರಿಸದೇ ಇರುವುದೂ ಒಂದು ದಾರಿ. ಪ್ರಾಚೀನ ಗ್ರೀಸ್‌ನ ಟಿಮಾಂಥಿಸ್ ಎಂಬ ಚಿತ್ರಕಾರ ಇಫಿಜೀನಿಯಾಳ ಬಲಿಯನ್ನು ಬರೆದಾಗ ಸುತ್ತ ನಿಂತವರ ದುಃಖವನ್ನೆಲ್ಲ ತೋರಿಸಿ, ಅಪ್ಪ ಅಗಮೆಮ್ನಾನ್‌ನ ಮುಖಕ್ಕೆ ಮಾತ್ರ ಬಟ್ಟೆ ಹೊದಿಸಿದನಂತೆ. ರೋಮನ್ ಲೇಖಕರಾದ ಸಿಸೆರೊ, ಪ್ಲಿನಿ, ಕ್ವಿಂಟಿಲಿಯನ್ ಮೂವರೂ ಇದನ್ನು ಹೇಳಿದ್ದಾರೆ. ಓದಿಕೊಂಡ ಬರೋಕ್ ಕಲಾವಿದನಿಗೆ ಇದು ಗೊತ್ತಿಲ್ಲದೆ ಇರುತ್ತಿರಲಿಲ್ಲ. ಆದ್ದರಿಂದ ಮುಖ ಮುಚ್ಚಿದ ಅಪ್ಪನೋ ಅಮ್ಮನೋ ಕಂಡರೆ, ಮುಖ ಬರೆಯಲು ಬರಲಿಲ್ಲ ಅಂದುಕೊಳ್ಳಬೇಡಿ.

ಮುಖದ ವಿಷಯದಲ್ಲಿ ಒಂದು ಶಿಲ್ಪದ ಪ್ರಭಾವ ಬಹಳ ದೊಡ್ಡದು. 1583ರಲ್ಲಿ ರೋಮ್‌ನಲ್ಲಿ ಅಗೆಯುವಾಗ ನಿಯೋಬಿ ಮತ್ತವಳ ಮಕ್ಕಳ ಪ್ರತಿಮೆಗಳ ಗುಂಪು ಸಿಕ್ಕಿತು. ಮೆಡಿಚಿ ಮನೆತನ ಅದನ್ನು ಕೊಂಡು ರೋಮ್‌ನ ತನ್ನ ವಿಲ್ಲಾದಲ್ಲಿಟ್ಟಿತು. ಈಗ ಫ್ಲಾರೆನ್ಸ್‌ನ ಉಫಿಜಿಯಲ್ಲಿದೆ. ಕೊನೆಯ ಮಗಳನ್ನು ಮೈಗೆ ಒತ್ತಿಕೊಂಡು ತಾಯಿ ಮೇಲಕ್ಕೆ ನೋಡುತ್ತಿದ್ದಾಳೆ. ಕತ್ತು ಒಂದು ಕಡೆ ವಾಲಿದೆ, ತುಟಿ ಸ್ವಲ್ಪ ತೆರೆದಿದೆ. ಇಟಾಲಿಯನ್ ಚಿತ್ರಕಾರ ಗೀಡೊ ರೇನಿ ಆ ತಲೆಯನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿದ್ದ ಎಂಬ ಮಾತು 17ನೇ ಶತಮಾನದಿಂದಲೇ ಇದೆ. ಬೊಲೋನ್ಯದಲ್ಲಿರುವ ಅವನ 1611ರ ಚಿತ್ರದಲ್ಲಿ ಹೆರೋದನ ಸೈನಿಕರು ಹಸುಗೂಸುಗಳನ್ನು ಕೊಲ್ಲುತ್ತಿದ್ದಾರೆ. ಬೈಬಲ್ ಕಥೆ. ಆದರೆ ಅಲ್ಲಿ ಮೇಲೆ ನೋಡುತ್ತಿರುವ ತಾಯಿಯ ಮುಖ ನಿಯೋಬಿಯಿಂದ ಬಂದದ್ದು. ಒಂದೇ ಮುಖ ಕಥೆಯಿಂದ ಕಥೆಗೆ ಹೋಗುತ್ತದೆ. ನಿಮ್ಮ ಹಾಳೆಯ ತಾಯಿ ಮೇಲೆ ನೋಡುತ್ತಿದ್ದರೆ ಉಫಿಜಿಯ ಪ್ರತಿಮೆಯ ಫೋಟೊ ಪಕ್ಕದಲ್ಲಿಟ್ಟು ಹೋಲಿಸಿ.

ಹೋಮರನ ನಿಯೋಬಿ ಸ್ವಲ್ಪ ಬೇರೆ. ಅವಳಿಗೆ ಹನ್ನೆರಡೇ ಮಕ್ಕಳು. ಅವಳ ಕಥೆಯನ್ನು ಹೇಳುವವನು ಟ್ರಾಯ್ ಯುದ್ಧದ ಗ್ರೀಕ್ ವೀರ ಅಕಿಲೀಸ್. ಕೇಳುವವನು, ಅವನಿಂದಲೇ ಮಗನನ್ನು ಕಳೆದುಕೊಂಡು ಹೆಣ ಕೇಳಲು ಬಂದ ಟ್ರಾಯ್ ದೊರೆ ಪ್ರಿಯಾಮ್. ಅಳು ಸಾಕಾದ ಮೇಲೆ ನಿಯೋಬಿ ಕೂಡ ಊಟ ಮಾಡಿದಳು, ನೀನೂ ಎರಡು ತುತ್ತು ತಿನ್ನು ಎನ್ನುತ್ತಾನೆ ಅಕಿಲೀಸ್. ಚಿತ್ರಕಾರರು ಈ ನಿಯೋಬಿಯನ್ನು ಹೆಚ್ಚಾಗಿ ಮುಟ್ಟಲಿಲ್ಲ. ಕಲ್ಲಾದವಳೇ ಬೇಕಾಯಿತು ಅವರಿಗೆ.

ಹಂತ 5: ಶಾಯಿ, ಗೆರೆ, ನೆರಳು

ಈಗ ಜೂಮ್ ಮಾಡಿ. ಕಂದು ಶಾಯಿ ಎಂದು ಬರೆದಿದ್ದರೆ ಎರಡು ಸಾಧ್ಯತೆ. ಒಂದು, ಮಾಚಿಕಾಯಿಯ ರಸಕ್ಕೆ ಅನ್ನಭೇದಿ ಬೆರೆಸಿ ಮಾಡಿದ ಶಾಯಿ. ಎರಡೂ ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಸಾಮಾನೇ. ಇದು ಬರೆದಾಗ ಕಪ್ಪು, ಶತಮಾನ ಕಳೆದಂತೆ ಕಂದು. ಆದ್ದರಿಂದ ಇವತ್ತು ಬೆಚ್ಚಗೆ ಮೃದುವಾಗಿ ಕಾಣುವ ಗೆರೆ ಅವತ್ತು ಗಡುಸಾಗಿದ್ದಿರಬಹುದು. ಈ ಶಾಯಿ ಕಾಗದವನ್ನು ತಿನ್ನುತ್ತದೆ ಕೂಡ, ದಪ್ಪ ಗೆರೆ ಇದ್ದಲ್ಲಿ ಬಿರುಕು ಕಾಣಬಹುದು. ಎರಡನೆಯದು ಬಿಸ್ಟರ್, ಸೌದೆಯ ಹೊಗೆಮಸಿಯಿಂದ ಮಾಡಿದ್ದು. ಅದು ಮೊದಲಿಂದಲೂ ಕಂದೇ.

ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲಿ ಒಂದರ ಮೇಲೊಂದು ಎರಡು ಮೂರು ಸಲ ಎಳೆದಿದ್ದಾನೆ, ನೋಡಿ. ಹೆತ್ತವರ ಕೈ ಬಳಿ ಗೆರೆ ಬದಲಾಗಿದ್ದರೆ ಕಲಾವಿದ ಅಲ್ಲಿ ಮನಸ್ಸು ಬದಲಿಸಿದ್ದಾನೆ. ಗ್ಯಾನಿಮೀಡ್ ಹಾಳೆಯಲ್ಲಿ ಕೆಳಗಿನ ಇಬ್ಬರು ಕೆಲವೇ ಗೆರೆಗಳಲ್ಲಿ ಬಂದಿದ್ದಾರೆ. ಅವಸರವೋ, ಅಷ್ಟು ಸಾಕು ಅನ್ನಿಸಿತೋ? ಎರಡೂ ಇರಬಹುದು. ಇಟಾಲಿಯನ್ ಹಾಳೆಗಳಲ್ಲಿ ಕೆಂಪು ಚಾಕ್ ಜಾಸ್ತಿ, ಕಾವಿಯಂಥ ಮಣ್ಣುಕಲ್ಲಿನದು. ಅದರಲ್ಲಿ ಮೈಯ ಬಿಸುಪು ಚೆನ್ನಾಗಿ ಬರುತ್ತದೆ. ಹಾಗಾಗಿ ಸತ್ತ ಮಗುವಿನ ಮೈಯನ್ನು ಕೆಂಪು ಚಾಕ್‌ನಲ್ಲಿ ಬರೆದಿದ್ದರೆ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಿ.

ಹಂತ 6: ಮುಗಿದ ಚಿತ್ರದ ಪಕ್ಕ ಇಡಿ

ಡ್ರೆಸ್ಡೆನ್‌ನ ತೈಲಚಿತ್ರದಲ್ಲಿ ಗ್ಯಾನಿಮೀಡ್ ಚೆಲುವ ತರುಣನಲ್ಲ. ಗುಂಡುಗುಂಡಾದ ಮಗು. ಬಾಯಿ ಬಿಟ್ಟು ಅಳುತ್ತಿದೆ, ಭಯದಲ್ಲಿ ಉಚ್ಚೆ ಹೊಯ್ಯುತ್ತಿದೆ, ಒಂದು ಕೈಯಲ್ಲಿ ಚೆರಿ ಹಣ್ಣು ಇನ್ನೂ ಹಾಗೇ ಇದೆ. ರೆಂಬ್ರಾಂಟ್ ಆ ಹೊತ್ತಿನಲ್ಲಿ ಮಕ್ಕಳ ರಂಪಾಟವನ್ನು ಬಲು ಹತ್ತಿರದಿಂದ ನೋಡುತ್ತಿದ್ದ. ಬರ್ಲಿನ್‌ನಲ್ಲಿರುವ ಅದೇ ಕಾಲದ ಇನ್ನೊಂದು ಹಾಳೆಯಲ್ಲಿ ಹೆಂಗಸೊಬ್ಬಳು ಒದೆಯುತ್ತ ಕಿರುಚುವ ಹುಡುಗನನ್ನು ಎತ್ತಿ ಹೊತ್ತೊಯ್ಯುತ್ತಿದ್ದಾಳೆ.

ಹಾಗಾದರೆ ಅಪ್ಪ ಅಮ್ಮನನ್ನು ಯಾಕೆ ತೆಗೆದ? ಅವನು ಬರೆದಿಟ್ಟಿಲ್ಲ. ತೆಗೆದದ್ದರಿಂದ ಏನಾಯಿತು ಎನ್ನುವುದನ್ನು ಮಾತ್ರ ನಾವು ನೋಡಬಹುದು. ಚಿತ್ರವನ್ನು ನೋಡುವವರು ಈಗ ಕೆಳಗೆ ನಿಂತಿದ್ದಾರೆ. ಮಗು ನಮ್ಮಿಂದಲೇ ದೂರ ಹೋಗುತ್ತಿದೆ. ಅಪ್ಪ ಅಮ್ಮ ನಿಂತಿದ್ದ ಜಾಗ ನಮಗೆ ಬಂತು. ಇದು ನನ್ನ ಓದು, ನಿಮಗೆ ಬೇರೆ ಅನ್ನಿಸಬಹುದು.

ಇದಕ್ಕೆ ಎದುರು ಉದಾಹರಣೆ ಅದೇ ಕಾಲದ ಫ್ಲೆಮಿಷ್ ಕಲಾವಿದ ರೂಬೆನ್ಸ್‌ನದು. ಸ್ಪೇನ್ ದೊರೆ ನಾಲ್ಕನೇ ಫಿಲಿಪ್‌ನ ಬೇಟೆ ಬಂಗಲೆಗಾಗಿ 1636ರಲ್ಲಿ ಅವನು ಓವಿಡ್‌ನ ಕಥೆಗಳ ಸಣ್ಣ ಸ್ಕೆಚ್‌ಗಳನ್ನು ಮಾಡಿದ. ಇವು ಕಾಗದದ ಮೇಲಲ್ಲ, ಮರದ ಹಲಗೆಯ ಮೇಲೆ ತೈಲವರ್ಣದಲ್ಲಿ ಬರೆದವು. ಆದರೂ ಯೋಚನೆಯ ವೇಗ ಡ್ರಾಯಿಂಗ್‌ನದೇ. ಇಕಾರಸ್ ಬೀಳುವ ಸ್ಕೆಚ್ ಬ್ರಸೆಲ್ಸ್‌ನಲ್ಲಿದೆ. ಅದನ್ನು ನೋಡಿ ಯಾಕೊಬ್ ಪೀಟರ್ ಗೋವಿ ಬರೆದ ದೊಡ್ಡ ಚಿತ್ರ ಮ್ಯಾಡ್ರಿಡ್‌ನ ಪ್ರಾಡೊದಲ್ಲಿದೆ. ಓವಿಡ್‌ನ ಕಥೆಯಲ್ಲಿ ಮಗ ಬೀಳುವುದನ್ನು ಡೇಡಲಸ್ ನೋಡುವುದಿಲ್ಲ. "ಇಕಾರಸ್, ಎಲ್ಲಿದ್ದೀಯ?" ಎಂದು ಕೂಗುತ್ತಾನೆ. ಆಮೇಲೆ ನೀರಿನ ಮೇಲೆ ಗರಿಗಳು ಕಾಣುತ್ತವೆ. ತನ್ನ ವಿದ್ಯೆಯನ್ನೇ ಶಪಿಸುತ್ತಾನೆ. ರೂಬೆನ್ಸ್ ಮಾತ್ರ ಅಪ್ಪನನ್ನು ಪಕ್ಕದಲ್ಲೇ ಹಾರಿಸಿ, ಮಗ ತಲೆಕೆಳಗಾಗಿ ಬೀಳುವುದನ್ನು ಅವನ ಕಣ್ಣಿಗೇ ತೋರಿಸುತ್ತಾನೆ. ರೆಂಬ್ರಾಂಟ್ ಹೆತ್ತವರನ್ನು ತೆಗೆದ, ರೂಬೆನ್ಸ್ ತಂದು ನಿಲ್ಲಿಸಿದ. ನಿಮ್ಮ ಹಾಳೆಯಲ್ಲಿ ಯಾವುದು ನಡೆದಿದೆ ಎಂದು ಬರೆದುಕೊಳ್ಳಿ.

ಹಂತ 7: ಕಲಾವಿದನ ಮನೆಯ ಸಾವನ್ನು ಚಿತ್ರಕ್ಕೆ ಎಳೆದು ತರಬೇಡಿ

ರೆಂಬ್ರಾಂಟ್ ಮತ್ತು ಅವನ ಹೆಂಡತಿ ಸಾಸ್ಕಿಯಾಗೆ ಹುಟ್ಟಿದ ನಾಲ್ಕು ಮಕ್ಕಳಲ್ಲಿ ಮೂರು ಕೂಸಿರುವಾಗಲೇ ತೀರಿಕೊಂಡವು. ಇದು ಗೊತ್ತಾದ ತಕ್ಷಣ ಗ್ಯಾನಿಮೀಡ್ ಹಾಳೆ ಅವನ ಸ್ವಂತ ದುಃಖ ಎಂದು ಬರೆಯುವ ಆಸೆ ಆಗುತ್ತದೆ. ತಾರೀಖು ನೋಡಿ. ಮೊದಲ ಮಗು ರೊಂಬರ್ಟಸ್‌ಗೆ ನಾಮಕರಣವಾದದ್ದು 1635ರ ಡಿಸೆಂಬರ್‌ನಲ್ಲಿ, ತೀರಿಕೊಂಡದ್ದು 1636ರ ಫೆಬ್ರವರಿಯಲ್ಲಿ. ಚಿತ್ರದ ಮೇಲಿರುವ ವರ್ಷ 1635. ಹಾಳೆಯ ಅಪ್ಪ ದುರ್ಬೀನು ಎತ್ತಿದಾಗ ರೆಂಬ್ರಾಂಟ್ ಇನ್ನೂ ಮಗುವನ್ನು ಕಳೆದುಕೊಂಡಿರಲಿಲ್ಲ.

ರೂಬೆನ್ಸ್ 1623ರಲ್ಲಿ ಹನ್ನೆರಡು ವರ್ಷದ ಮಗಳು ಕ್ಲಾರಾ ಸೆರೆನಾಳನ್ನು ಕಳೆದುಕೊಂಡಿದ್ದ. ಅವನ ಇಕಾರಸ್ ಬಂದದ್ದು ಹದಿಮೂರು ವರ್ಷದ ಮೇಲೆ. ಸಂಬಂಧ ಇರಬಹುದು, ಆದರೆ ತೋರಿಸಲು ದಾಖಲೆ ಬೇಕು. ಕಿಯೋನೆಯ ಅಪ್ಪನನ್ನು ಬರೆದ ಪೂಸಾನ್‌ಗಂತೂ ಜೀವನವಿಡೀ ಮಕ್ಕಳೇ ಇರಲಿಲ್ಲ. ಈ ಮೂವರನ್ನು ಒಟ್ಟಿಗೆ ನೆನಪಿಟ್ಟುಕೊಂಡರೆ ಅವಸರದ ತೀರ್ಮಾನ ಬರುವುದಿಲ್ಲ.

ಹಂತ 8: ಕೈಯಾರೆ ನಕಲು ಮಾಡಿ

ಚಿತ್ರ ಬರೆಯಲು ಬರುವುದಿಲ್ಲ ಅನ್ನುವವರೇ ಇದನ್ನು ಮಾಡಬೇಕು. ಮೊದಲ ಹಂತದಲ್ಲಿ ಕತ್ತರಿಸಿಟ್ಟ ಕಾಗದ ತೆಗೆದುಕೊಳ್ಳಿ. ಅದೇ ಅಳತೆಯಲ್ಲಿ, ಅದೇ ಜಾಗದಲ್ಲಿ, ಹೆತ್ತವರನ್ನು ಮಾತ್ರ ಬರೆಯಿರಿ. ಹದ್ದಿನ ಜಾಗ ಖಾಲಿ ಬಿಡಿ. ಫೌಂಟನ್ ಪೆನ್ನು ಇದ್ದರೆ ಸಾಕು. ಬಿದಿರು ಕಡ್ಡಿಯನ್ನು ಓರೆಯಾಗಿ ಕತ್ತರಿಸಿ ಮೊನೆ ಮಾಡಿಕೊಂಡರೆ ಇನ್ನೂ ಚೆನ್ನ. ಆ ಕಾಲದವರು ಹೆಚ್ಚಾಗಿ ಹೆಬ್ಬಾತಿನ ಗರಿ ಬಳಸುತ್ತಿದ್ದರು. ರೆಂಬ್ರಾಂಟ್ ಮುಂದೆ ಜೊಂಡಿನ ಕಡ್ಡಿಯ ಪೆನ್ನನ್ನೂ ಬಳಸಿದ.

ನೆರಳಿಗೆ ಫಿಲ್ಟರ್ ಕಾಫಿಯ ಗಟ್ಟಿ ಡಿಕಾಕ್ಷನ್ ಒಳ್ಳೆಯ ಕಂದು ಕೊಡುತ್ತದೆ. ಒಂದು ಬಟ್ಟಲಲ್ಲಿ ಹಾಗೇ, ಇನ್ನೊಂದರಲ್ಲಿ ನೀರು ಬೆರೆಸಿ ಇಟ್ಟುಕೊಳ್ಳಿ. ಮೊದಲು ತೆಳು, ಒಣಗಿದ ಮೇಲೆ ಗಟ್ಟಿ. ತೆಳು ಕಾಗದ ಸುರುಟಿಕೊಳ್ಳುತ್ತದೆ, ಸ್ವಲ್ಪ ದಪ್ಪನೆಯ ಡ್ರಾಯಿಂಗ್ ಶೀಟ್ ತೆಗೆದುಕೊಳ್ಳಿ. ಎತ್ತಿದ ಕೈಯ ಗೆರೆಯನ್ನು ಒಂದೇ ಸಲಕ್ಕೆ ಎಳೆಯಿರಿ. ತಪ್ಪಿದರೆ ಅಳಿಸದೆ ಪಕ್ಕದಲ್ಲೇ ಇನ್ನೊಂದು ಎಳೆಯಿರಿ, ಅವರೂ ಹಾಗೇ ಮಾಡುತ್ತಿದ್ದರು. ಕೈ ಎಷ್ಟು ಮೇಲಿದ್ದರೆ ಸಂಕಟ, ಎಷ್ಟು ಕೆಳಗಿಳಿದರೆ ಬರೀ ನಮಸ್ಕಾರ ಎಂದು ಎರಡು ಮೂರು ನಕಲಿನಲ್ಲೇ ಗೊತ್ತಾಗುತ್ತದೆ.

ಮುಂದೆ ಯಾವ ಹಾಳೆ?

ಗ್ಯಾನಿಮೀಡ್ ಆದ ಮೇಲೆ ಕಿಯೋನೆ. ಅದರ ನಂತರ ಹೆಂಡ್ರಿಕ್ ಗೌಟ್ 1610ರಲ್ಲಿ ಎಲ್ಸ್‌ಹೈಮರ್‌ನ ಚಿತ್ರ ನೋಡಿ ಮಾಡಿದ ಸೀರಿಸ್‌ನ ಮುದ್ರಣಚಿತ್ರ ನೋಡಿ. ಮಗಳನ್ನು ಹುಡುಕಿ ದಣಿದ ತಾಯಿ ರಾತ್ರಿ ಮುದುಕಿಯೊಬ್ಬಳ ಗುಡಿಸಿಲ ಮುಂದೆ ಗಟಗಟ ಕುಡಿಯುತ್ತಿದ್ದಾಳೆ, ಹುಡುಗನೊಬ್ಬ ನಗುತ್ತಿದ್ದಾನೆ. ದುಃಖದಲ್ಲಿರುವವರನ್ನು ಬೇರೆಯವರು ಹೊರಗಿನಿಂದ ಹೇಗೆ ನೋಡುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಅಸಲಿ ಹಾಳೆ ನೋಡುವ ಆಸೆ ಇದ್ದರೆ ಒಂದು ವಿಷಯ ತಿಳಿದಿರಲಿ. ರೇಖಾಚಿತ್ರಗಳನ್ನು ಗೋಡೆ ಮೇಲೆ ಸದಾ ತೂಗುಹಾಕುವುದಿಲ್ಲ. ಬೆಳಕಿಗೆ ಕಾಗದ ಹಾಳಾಗುತ್ತದೆ. ಪ್ರದರ್ಶನಕ್ಕಿಟ್ಟರೂ ಬೆಳಕು 50 ಲಕ್ಸ್‌ನ (ಲಕ್ಸ್ ಅಂದರೆ ಬೆಳಕಿನ ಅಳತೆ) ಆಸುಪಾಸು, ಅಂದರೆ ಬಹಳ ಮಂದ, ಕೆಲವು ತಿಂಗಳಾದ ಮೇಲೆ ಮತ್ತೆ ಕತ್ತಲ ಪೆಟ್ಟಿಗೆಗೆ. ಆದರೆ ದೊಡ್ಡ ಸಂಗ್ರಹಾಲಯಗಳಲ್ಲಿ ಅಧ್ಯಯನ ಕೊಠಡಿ ಇರುತ್ತದೆ. ಲಂಡನ್‌ನ ಬ್ರಿಟಿಷ್ ಮ್ಯೂಸಿಯಂನಲ್ಲಿ ಮೊದಲೇ ಸಮಯ ಗೊತ್ತು ಮಾಡಿಕೊಂಡರೆ ಕೇಳಿದ ಹಾಳೆಯನ್ನು ತಂದು ಮೇಜಿನ ಮೇಲಿಡುತ್ತಾರೆ. ಯುರೋಪಿನಲ್ಲಿರುವ ಕನ್ನಡಿಗರು ಇದನ್ನು ಬಳಸಿಕೊಳ್ಳಬೇಕು. ಪೆನ್ಸಿಲ್ ಮಾತ್ರ ಒಯ್ಯಿರಿ, ಪೆನ್ನಿಗೆ ಅಲ್ಲಿ ಜಾಗವಿಲ್ಲ.

ಪೂಸಾನ್‌ನ ಮಿಡಿಯಾ ಹಾಳೆಯನ್ನು ಕೊನೆಗೆ ಇಟ್ಟುಕೊಳ್ಳಿ. ಅದೂ ವಿಂಡ್ಸರ್ ಸಂಗ್ರಹದಲ್ಲೇ ಇದೆ. ಗಂಡ ಜೇಸನ್ ಮೇಲಿನ ಮೊಗಸಾಲೆಯಿಂದ ನೋಡುತ್ತಿರುವಾಗಲೇ ಮಿಡಿಯಾ ತಮ್ಮ ಮಕ್ಕಳನ್ನು ಕೊಲ್ಲುತ್ತಿದ್ದಾಳೆ. ಪಕ್ಕದ ದೇವತೆ ಮಿನರ್ವಾಳ ಪ್ರತಿಮೆ ಕೂಡ ನೋಡಲಾರದೆ ಗುರಾಣಿಯನ್ನು ಕಣ್ಣಿಗೆ ಅಡ್ಡ ಹಿಡಿದಿದೆ. ಇಲ್ಲಿ ಎರಡನೇ ಹಂತದ ಪಟ್ಟಿ ಕೈಕೊಡುತ್ತದೆ. ನೋಡಿದವರು, ತಿಳಿಯದವರು, ಕಾರಣರಾದವರು ಎಂದು ಬೇರೆ ಮಾಡಲು ಆಗುವುದಿಲ್ಲ. ಮೋಸ ಮಾಡಿದ ಜೇಸನ್ ನೋಡುತ್ತಿದ್ದಾನೆ, ಕಾರಣನೂ ಹೌದು. ಕೊಲ್ಲುತ್ತಿರುವವಳೂ ಹೆತ್ತವಳೇ. ಹಾಳೆಯ ನಡುವೆ ಒಂದು ಗೆರೆ ಎಳೆದು ಎಡಕ್ಕೆ ಅವಳು, ಬಲಕ್ಕೆ ಅವನು ಎಂದು ಬರೆಯಿರಿ. ಒಬ್ಬೊಬ್ಬರ ಕೈ ಏನು ಮಾಡುತ್ತಿದೆ ಎಂಬುದರಿಂದ ಶುರು ಮಾಡಿ.